ಊರಿಗೆ ಹೋಗಿ ಕಾಗದ ಬರೀತೀವಿ

ನಮ್ಮ ಕಡೆ ಹೆಣ್ಣು ನೋಡೋಕೆ ಬಂದವರು ಉಪ್ಪಿಟ್ಟು, ಕೇಸರಿಬಾತ್ ತಿಂದು, ಕಾಫಿ ಕುಡಿದು, ಹುಡುಗಿ ಕೈಲಿ ಒಂದು ಹಾಡು ಹೇಳಿಸಿ, ಎದ್ದು ಹೊರಡುವಾಗ ಒಂದು ಮಾತು ಹೇಳ್ತಿದ್ದರು: "ಊರಿಗೆ ಹೋಗಿ ಕಾಗದ ಬರೀತೀವಿ." ಕಾಗದ ಬರ್ತಿರಲಿಲ್ಲ. ನಮ್ಮ ದೊಡ್ಡಪ್ಪನ ಮನೆಯಲ್ಲಿ ಹೀಗೆ ನಾಲ್ಕು ಸಲ ಆಗಿದ್ದನ್ನು ನಾನೇ ನೋಡಿದ್ದೇನೆ. ಪೋಸ್ಟ್‌ಮ್ಯಾನ್ ಸೈಕಲ್ಲಿನ ಬೆಲ್ ಕೇಳಿದ ತಕ್ಷಣ ಅಕ್ಕ ಎದ್ದು ಕೊಟ್ಟಿಗೆ ಕಡೆ ಹೋಗಿಬಿಡ್ತಿದ್ದಳು. ಕಾಗದ ಬಂತಾ ಅಂತ ಯಾರಾದರೂ ಅವಳ ಎದುರಿಗೇ ಕೇಳಿಬಿಟ್ಟರೆ ಅನ್ನೋ ಭಯ. ಇಲ್ಲ ಅಂದಿದ್ದರೆ ಒಂದು ದಿನ ಅತ್ತು ಸುಮ್ಮನಾಗ್ತಿದ್ದಳು. ಇಲ್ಲ ಅನ್ನದೇ ಇದ್ದದ್ದು ಅವಳನ್ನು ತಿಂಗಳುಗಟ್ಟಲೆ ಅರೆದುಹಾಕಿತು.

ಈ ಪದ್ಧತಿ ನಮ್ಮ ಊರಲ್ಲಿ ಹೆಚ್ಚುಕಡಿಮೆ ನಿಂತೇ ಹೋಗಿದೆ. ಆದರೆ ಔಟರ್ ರಿಂಗ್ ರೋಡಿನ, ವೈಟ್‌ಫೀಲ್ಡಿನ, ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳಲ್ಲಿ ಭರ್ಜರಿಯಾಗಿ ನಡೀತಾ ಇದೆ. ಅಲ್ಲಿ ಇದರ ಹೆಸರು "ವಿ ವಿಲ್ ಗೆಟ್ ಬ್ಯಾಕ್ ಟು ಯೂ". ಅದನ್ನು ಹೇಳುವವರ ಕೊರಳಲ್ಲಿ ಐಡಿ ಕಾರ್ಡ್ ಇರುತ್ತೆ, ಕೈಯಲ್ಲಿ ಲ್ಯಾಪ್‌ಟಾಪ್ ಇರುತ್ತೆ. ಉಪ್ಪಿಟ್ಟು ಮಾತ್ರ ಇರಲ್ಲ. ಎಷ್ಟೋ ಕಡೆ ಬಂದವನಿಗೆ ಒಂದು ಲೋಟ ನೀರೂ ಇರಲ್ಲ.

ಇದನ್ನು ಹೊರಗೆ ನಿಂತು ಬರೀತಾ ಇಲ್ಲ. ಹಾಗೆ ಹೇಳೋರಲ್ಲಿ ನಾನೂ ಒಬ್ಬ.

ಮೊನ್ನೆ ಮೊನ್ನೆ ನಮ್ಮಲ್ಲಿ ಒಂದು ಶನಿವಾರ ಹೈರಿಂಗ್ ಡ್ರೈವ್ ಇತ್ತು. ಗಂಗಾವತಿ ಕಡೆಯ ಹುಡುಗನೊಬ್ಬ ರಾತ್ರಿ ಬಸ್ಸಿಗೆ ಹೊರಟು, ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿದು, ಅಲ್ಲೇ ಶೌಚಾಲಯದಲ್ಲಿ ಮುಖ ತೊಳೆದು ಅಂಗಿ ಬದಲಾಯಿಸಿಕೊಂಡು, ಮೆಟ್ರೋ ಹಿಡಿದು ಒಂಬತ್ತೂವರೆಗೆ ನಮ್ಮ ಆಫೀಸಿನ ರಿಸೆಪ್ಷನ್ನಿನಲ್ಲಿ ಕೂತಿದ್ದ. ಅವನಿಗೆ ಕೊಟ್ಟಿದ್ದ ಟೈಮು 11 ಗಂಟೆ. ನಾನು ಅವನನ್ನು ಒಳಗೆ ಕರೆದದ್ದು 1 ಗಂಟೆ 20 ನಿಮಿಷಕ್ಕೆ. ಪ್ರೊಡಕ್ಷನ್ನಿನಲ್ಲಿ ಏನೋ ತೊಂದರೆ ಆಗಿತ್ತು ಅನ್ನೋದು ನಿಜ. ಅದು ಅರ್ಧ ಗಂಟೆಯಲ್ಲಿ ಸರಿಹೋಗಿತ್ತು ಅನ್ನೋದೂ ನಿಜ. ಆಮೇಲೆ ನಾವು ಮೂರ್ನಾಲ್ಕು ಜನ ಕೆಳಗಿಳಿದು ಕಾಫಿ ಕುಡಿದು, ಹರಟೆ ಹೊಡೆದು ಬಂದಿದ್ದೆವು. ಒಳಗೆ ಬಂದವನು ಮೊದಲು ಹೇಳಿದ ಮಾತು "ಸಾರಿ ಸರ್". ಯಾಕೆ ಸಾರಿ ಹೇಳಿದ ಅಂತ ಅವನಿಗೂ ಗೊತ್ತಿರಲಿಲ್ಲ ಅನ್ಸುತ್ತೆ. ಹೇಳಬೇಕಾಗಿದ್ದ ನಾನು ಹೇಳಲಿಲ್ಲ.

ಮುಗಿದ ಮೇಲೆ, ನನ್ನ ಇಂಗ್ಲಿಷಿನಲ್ಲೇ ಕನ್ನಡ ಕೇಳಿಸಿತೇನೋ, ಬಾಗಿಲ ಹತ್ತಿರ ನಿಂತು ಕನ್ನಡದಲ್ಲಿ ಕೇಳಿದ: "ಸರ್, ಆಗಲ್ಲ ಅಂದ್ರೂ ಆಗಲ್ಲ ಅಂತ ಒಂದ್ ಮೆಸೇಜ್ ಹಾಕ್ರಿ. ಮನ್ಯಾಗ ದಿನಾ ಕೇಳ್ತಾರ್ರಿ." ಖಂಡಿತ ಅಂದೆ. ಅವನು ಆಯ್ಕೆ ಆಗಲಿಲ್ಲ. ಅವನಿಗಿಂತ ಚೆನ್ನಾಗಿ ಮಾಡಿದ ಇನ್ನೊಬ್ಬರಿದ್ದರು, ಅದರಲ್ಲಿ ಅನ್ಯಾಯವೇನೂ ಇಲ್ಲ. ನಾನು ಮೆಸೇಜ್ ಹಾಕಲಿಲ್ಲ. ಎಚ್‌ಆರ್ ಸಹೋದ್ಯೋಗಿಯನ್ನು ಕೇಳಿದ್ದಕ್ಕೆ, "ನೀವು ನೇರವಾಗಿ ಕಾಂಟ್ಯಾಕ್ಟ್ ಮಾಡೋ ಹಾಗಿಲ್ಲ, ಅದು ಪ್ರೋಸೆಸ್ ಅಲ್ಲ" ಅಂದರು. ಹಾಗಾದರೆ ಪ್ರೋಸೆಸ್ ಏನು? ಪೋರ್ಟಲ್ಲಿನಲ್ಲಿ ಅವನ ಹೆಸರಿನ ಮುಂದೆ "ಇನ್ ಪ್ರೋಸೆಸ್" ಅಂತ ಇತ್ತು. ಅಷ್ಟೇ ಪ್ರೋಸೆಸ್ಸು.

ನನ್ನ ತಕರಾರು ಆಯ್ಕೆ ಮಾಡದೇ ಇರೋದರ ಬಗ್ಗೆ ಅಲ್ಲ. ಹತ್ತು ಜನ ಬಂದರೆ ಒಂಬತ್ತು ಜನ ವಾಪಸ್ ಹೋಗಲೇಬೇಕು. ಆ ಒಂಬತ್ತು ಜನರನ್ನು ಹೇಗೆ ವಾಪಸ್ ಕಳಿಸ್ತೀವಿ ಅನ್ನೋದು ನನ್ನ ತಕರಾರು. ಮತ್ತೆ, ಆ ಒಬ್ಬನನ್ನು ಆರಿಸೋಕೆ ನಾವು ಬಳಸ್ತಿರೋ ಅಳತೆಗೋಲೇ ಸೊಟ್ಟಗಿದೆ ಅನ್ನೋದು ಇನ್ನೊಂದು ತಕರಾರು.

ಅಳತೆಗೋಲಿನ ವಿಷಯ ಮೊದಲು ನೋಡೋಣ. ನಾನು ಬಿಇ ಮುಗಿಸಿ ಬೆಂಗಳೂರಿಗೆ ಬಂದ ಹೊಸತರಲ್ಲಿ ಹೊಸೂರು ರಸ್ತೆಯ ಪಕ್ಕದ ಒಂದು ವಾಕ್-ಇನ್‌ಗೆ ಹೋಗಿದ್ದೆ. ಮಾರ್ಕ್ಸ್ ಕಾರ್ಡಿನ ಫೈಲು ಎದೆಗವಚಿಕೊಂಡು ಬಿಸಿಲಲ್ಲಿ ಕ್ಯೂ. ಸೆಕ್ಯುರಿಟಿಯವನು ಇಪ್ಪತ್ತಿಪ್ಪತ್ತು ಜನರನ್ನು ಎಣಿಸಿ ಒಳಗೆ ಬಿಡ್ತಿದ್ದ. ಮಧ್ಯಾಹ್ನ ಮೂರರ ಹೊತ್ತಿಗೆ ನನ್ನ ಸರದಿ ಬಂತು. ಎದುರಿಗಿದ್ದವರು ಕೇಳಿದ ಮೊದಲ ಪ್ರಶ್ನೆ: "ಮ್ಯಾನ್‌ಹೋಲ್ ಮುಚ್ಚಳ ಯಾಕೆ ದುಂಡಗಿರುತ್ತೆ?" ನಮ್ಮ ಊರಲ್ಲಿ ಮ್ಯಾನ್‌ಹೋಲೇ ಇರಲಿಲ್ಲ. ಚರಂಡಿ ಇತ್ತು, ಅದಕ್ಕೆ ಮುಚ್ಚಳ ಇರಲಿಲ್ಲ. ದುಂಡಗಿನ ಮುಚ್ಚಳ ಹೇಗೆ ತಿರುಗಿಸಿದರೂ ಒಳಗೆ ಬೀಳಲ್ಲ ಅನ್ನೋ ಉತ್ತರವನ್ನು ಪಿಜಿಯ ರೂಮ್‌ಮೇಟ್ ರಾತ್ರಿ ಹೇಳಿಕೊಟ್ಟ. ಅವನು ಅದನ್ನು ಒಂದು ಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಿಕೊಂಡಿದ್ದ. ಅಂದರೆ ಆ ಪ್ರಶ್ನೆ ಅಳೆದದ್ದು ಬುದ್ಧಿಯನ್ನಲ್ಲ, ಆ ಪುಸ್ತಕ ನಿನ್ನ ಕೈಗೆ ಸಿಕ್ಕಿತ್ತಾ ಇಲ್ಲವಾ ಅನ್ನೋದನ್ನ.

ಇಂಥ ಒಗಟುಗಳಿಗೆ ಹೆಸರಾಗಿದ್ದ ಗೂಗಲ್ಲೇ ಆಮೇಲೆ ಅದನ್ನು ಒಪ್ಪಿಕೊಂಡಿತು. ಅಲ್ಲಿನ ಎಚ್‌ಆರ್ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೋ ಬಾಕ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸಿಗೆ ಕೊಟ್ಟ ಸಂದರ್ಶನದಲ್ಲಿ, ಒಗಟುಗಳಿಂದ ಏನೂ ತಿಳಿಯಲ್ಲ, ಬರೀ ಟೈಮ್ ವೇಸ್ಟ್, ಕೇಳುವವರಿಗೆ ತಾವು ಬುದ್ಧಿವಂತರು ಅನ್ನೋ ಖುಷಿ ಸಿಗುತ್ತೆ ಅಷ್ಟೇ ಅನ್ನೋ ಅರ್ಥದಲ್ಲಿ ಹೇಳಿದರು. ಗುರು ಬಿಟ್ಟಿದ್ದನ್ನು ಶಿಷ್ಯರು ಇನ್ನೂ ಬಿಟ್ಟಿಲ್ಲ.

ಒಗಟು ಹೋದ ಕಡೆ ವೈಟ್‌ಬೋರ್ಡ್ ಬಂತು. ಮ್ಯಾಕ್ ಬಳಸುವ ಪ್ರೋಗ್ರಾಮರುಗಳಿಗೆ ಹೋಮ್‌ಬ್ರೂ ಗೊತ್ತಿರುತ್ತೆ. ಅದನ್ನು ಕಟ್ಟಿದ ಮ್ಯಾಕ್ಸ್ ಹೋವೆಲ್ 2015ರಲ್ಲಿ ಟ್ವಿಟರಿನಲ್ಲಿ ಬರೆದುಕೊಂಡರು: ತನ್ನ ಸಾಫ್ಟ್‌ವೇರನ್ನು ದಿನಾ ಬಳಸುವ ಕಂಪನಿಯೇ, ವೈಟ್‌ಬೋರ್ಡ್ ಮೇಲೆ ಬೈನರಿ ಟ್ರೀ ತಿರುಗಿಸೋಕೆ ಬರಲಿಲ್ಲ ಅಂತ ತನ್ನನ್ನು ಬೇಡ ಅಂದಿತು ಅಂತ. ನಾನೂ ಆ ಗಂಗಾವತಿ ಹುಡುಗನಿಗೆ ಲಿಂಕ್ಡ್ ಲಿಸ್ಟ್ ತಿರುಗಿಸೋಕೆ ಹೇಳಿದೆ. ಇಷ್ಟು ವರ್ಷದ ಕೆಲಸದಲ್ಲಿ ನಾನು ಒಂದೇ ಒಂದು ಲಿಂಕ್ಡ್ ಲಿಸ್ಟನ್ನೂ ಕೈಯಾರೆ ತಿರುಗಿಸಿಲ್ಲ. ನನ್ನ ದಿನದ ಕೆಲಸ ಅಂದರೆ ಬೇರೆಯವರು ಬರೆದಿಟ್ಟು ಹೋದ ಕೋಡ್ ಓದೋದು, ಲಾಗ್ ಕೆದಕೋದು, ಎಲ್ಲಿ ಹರಿದಿದೆಯೋ ಅಲ್ಲಿ ಹೊಲಿಯೋದು. ಅದನ್ನು ಅವನಿಗೆ ಕೇಳಲೇ ಇಲ್ಲ. ನನ್ನನ್ನು ಹಿಂದೆ ಯಾರೋ ಲಿಂಕ್ಡ್ ಲಿಸ್ಟ್ ಕೇಳಿದ್ದರು, ನಾನೂ ಕೇಳಿದೆ. ಅತ್ತೆ ಕಾಟ ತಿಂದ ಸೊಸೆ ತಾನು ಅತ್ತೆಯಾದ ಮೇಲೆ ಮಾಡೋದೂ ಇದನ್ನೇ.

ಊರಲ್ಲಿ ಗಾರೆ ಕೆಲಸದವನನ್ನು ಹೇಗೆ ಗೊತ್ತುಮಾಡ್ತಾರೆ ನೋಡಿ. ತಾಜ್ ಮಹಲಿಗೆ ಎಷ್ಟು ಇಟ್ಟಿಗೆ ಬೇಕು ಅಂತ ಯಾರೂ ಕೇಳಲ್ಲ. ಅರ್ಧ ದಿನ ಕೆಲಸ ಮಾಡಿಸಿ ನೋಡ್ತಾರೆ. ಗೋಡೆಗೆ ತೂಕದ ಗುಂಡು ಬಿಟ್ಟು ನೋಡಿದರೆ ಎಲ್ಲ ಗೊತ್ತಾಗುತ್ತೆ. ಮತ್ತೆ, ಕೆಲಸ ಇಷ್ಟ ಆಗದಿದ್ದರೂ ಆ ಅರ್ಧ ದಿನದ ಕೂಲಿ ಕೊಟ್ಟೇ ಕಳಿಸ್ತಾರೆ. ನಮ್ಮ ಕಂಪನಿಗಳು ಇದರ ಮೊದಲ ಭಾಗವನ್ನು ಮಾತ್ರ ಕಲಿತಿವೆ. "ಎರಡು ಗಂಟೆ ಅಸೈನ್‌ಮೆಂಟ್" ಅಂತ ಶುಕ್ರವಾರ ಸಂಜೆ ಕಳಿಸ್ತಾರೆ, ಅದು ಶನಿವಾರ ಭಾನುವಾರ ಎರಡನ್ನೂ ನುಂಗುತ್ತೆ. ಸೋಮವಾರ ಕಳಿಸಿದ ಕೋಡನ್ನು ಯಾರಾದರೂ ತೆರೆದು ನೋಡಿದರಾ ಅನ್ನೋದೂ ಗೊತ್ತಾಗಲ್ಲ. ಕೂಲಿ ಅಂತೂ ಕೇಳಲೇಬೇಡಿ.

ಇದು ಬರೀ ನನ್ನ ಹಳ್ಳಿ ಬುದ್ಧಿ ಅಂದುಕೊಳ್ಳಬೇಡಿ. ಶ್ಮಿಟ್ ಮತ್ತು ಹಂಟರ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಹಾಕಿ 1998ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಯಾವ ಪರೀಕ್ಷೆ ಮುಂದಿನ ಕೆಲಸದ ಗುಣಮಟ್ಟವನ್ನು ಎಷ್ಟು ಸರಿಯಾಗಿ ಸೂಚಿಸುತ್ತೆ ಅನ್ನೋ ಲೆಕ್ಕ ಅದು. ಕೆಲಸದ ಮಾದರಿಯನ್ನೇ ಮಾಡಿಸಿ ನೋಡೋದು, ಎಲ್ಲರಿಗೂ ಅವೇ ಪ್ರಶ್ನೆ ಕೇಳಿ ಅದೇ ಅಳತೆಯಲ್ಲಿ ಅಂಕ ಕೊಡೋದು, ಇವೆರಡೂ ಮೇಲಿದ್ದವು. ಬಾಯಿಗೆ ಬಂದದ್ದನ್ನು ಕೇಳುವ ಸಂದರ್ಶನ ಕೆಳಗಿತ್ತು. 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಆ ಲೆಕ್ಕವನ್ನು ಮತ್ತೆ ತಿದ್ದಿದರು. ಹೆಚ್ಚಿನವುಗಳ ಅಂಕಿಗಳು ಇಳಿದವು. ಆದರೆ ಎಲ್ಲಕ್ಕಿಂತ ಮೇಲೆ ಉಳಿದದ್ದು ಅವೇ ಪ್ರಶ್ನೆ, ಅದೇ ಅಳತೆಯ ಸಂದರ್ಶನ. ಅಡ್ಡಾದಿಡ್ಡಿ ಸಂದರ್ಶನದ ಬೆಲೆ ಅದರ ಅರ್ಧಕ್ಕಿಂತ ಕಡಿಮೆ ಅಂತಾಯ್ತು.

ನಾವು ದಿನಾ ಬೈಯೋ ಸರ್ಕಾರವೂ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ತನ್ನ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿತು. ಹತ್ತು ನಿಮಿಷ ಎದುರಿಗೆ ಕೂರಿಸಿಕೊಂಡು ಮಾತಾಡೋದರಲ್ಲಿ ವಶೀಲಿ ನುಸುಳೋದೇ ಹೆಚ್ಚು ಅಂತ ಅಲ್ಲಿಗೆ ಅರ್ಥ ಆಗಿತ್ತು. ನಮ್ಮಲ್ಲಿ ವಶೀಲಿಯ ಹೆಸರು "ಕಲ್ಚರ್ ಫಿಟ್".

ಈ ಕಲ್ಚರ್ ಫಿಟ್ ಪಕ್ಕದಲ್ಲೇ ಇನ್ನೊಂದು ಪದ ಕೂತಿದೆ: "ಕಮ್ಯುನಿಕೇಷನ್". ಕೆಲವು ವರ್ಷದ ಹಿಂದೆ ಫೀಡ್‌ಬ್ಯಾಕ್ ಫಾರ್ಮಿನಲ್ಲಿ ನಾನೇ ಒಬ್ಬರ ಬಗ್ಗೆ "ಕಮ್ಯುನಿಕೇಷನ್ ಸಾಲದು" ಅಂತ ಬರೆದೆ. ಮನೆಗೆ ಹೋಗುವಾಗ ಯೋಚಿಸಿದೆ. ಆಕೆ ಹೇಳಿದ್ದು ನನಗೆ ಅರ್ಥ ಆಗಿರಲಿಲ್ಲವಾ? ಪೂರ್ತಿ ಆಗಿತ್ತು. ಉತ್ತರ ಸರಿ ಇತ್ತು. ಆಕೆಯ ಇಂಗ್ಲಿಷು ಮಾತ್ರ, ನಾನು ಊರಿಂದ ಬಂದ ಮೊದಲ ವರ್ಷ ಆಡ್ತಿದ್ದ ಇಂಗ್ಲಿಷಿನ ಹಾಗೆ ಇತ್ತು. ನಾನು ತಿರಸ್ಕರಿಸಿದ್ದು ಆ ನನ್ನನ್ನು. ಮಾತು ಅರ್ಥ ಆಗದಿದ್ದರೆ ಅದು ಕಮ್ಯುನಿಕೇಷನ್ ತೊಂದರೆ. ಅರ್ಥ ಆಗಿಯೂ ಕಿವಿಗೆ ಹಿತ ಆಗಲಿಲ್ಲ ಅಂದರೆ ಅದು ನಮ್ಮ ಕಿವಿಯ ತೊಂದರೆ.

"60 ಪರ್ಸೆಂಟ್ ಥ್ರೂಔಟ್" ಅನ್ನೋ ಶಾಪವೂ ಇದರ ತಂಗಿಯೇ. ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಇ ಮೂರರಲ್ಲೂ 60 ಇರಬೇಕು, ಮಧ್ಯೆ ಒಂದು ವರ್ಷವೂ ಗ್ಯಾಪ್ ಇರಬಾರದು. ಪಿಯುಸಿಯಲ್ಲಿ ಅಪ್ಪ ಹಾಸಿಗೆ ಹಿಡಿದರು ಅಂತ ಒಂದು ವರ್ಷ ಹೊಲ ನೋಡಿಕೊಂಡ ಹುಡುಗನ ಅರ್ಜಿಯನ್ನು ಯಾವುದೋ ಫಿಲ್ಟರ್ ಓದದೆಯೇ ಬಿಸಾಡುತ್ತೆ. ಆ ವರ್ಷದಲ್ಲಿ ಅವನು ಹೊತ್ತ ಜವಾಬ್ದಾರಿಯನ್ನು ನಮ್ಮ ಎಷ್ಟೋ ಮ್ಯಾನೇಜರುಗಳು ಇಡೀ ಕೆರಿಯರಿನಲ್ಲಿ ಹೊತ್ತಿರಲ್ಲ. ಇನ್ನು ಹೆಣ್ಣುಮಕ್ಕಳಿಗೆ ಬೇರೆಯದೇ ಪ್ರಶ್ನೆಪತ್ರಿಕೆ. ಮದುವೆ ಆಗಿದೆಯಾ? ಸದ್ಯಕ್ಕೆ ಪ್ಲಾನ್ ಇದೆಯಾ? ಮಗುವನ್ನು ಯಾರು ನೋಡ್ಕೋತಾರೆ? ಕೆಲಸಕ್ಕೆ ಸೇರಿಸಿಕೊಳ್ಳುವಾಗ ಹೆಂಗಸರಿಗೆ ತಾರತಮ್ಯ ಮಾಡಬಾರದು ಅಂತ 1976ರ ಸಮಾನ ವೇತನ ಕಾಯ್ದೆಯಲ್ಲೇ ಬರೆದಿತ್ತು. ನಾವು ಹುಟ್ಟೋದಕ್ಕಿಂತ ಮೊದಲಿನ ಮಾತು ಅದು. ಅದೇ ಪ್ರಶ್ನೆಯನ್ನು ನನಗೆ ಈವರೆಗೆ ಒಬ್ಬರೂ ಕೇಳಿಲ್ಲ. ನನಗೂ ಮಗು ಇದೆ.

ಈಗ ದುಡ್ಡಿನ ವಿಷಯಕ್ಕೆ ಬರ್ತೀನಿ. ಶಿವರಾತ್ರಿ ಸಮಯದಲ್ಲಿ ಸಿದ್ಧಗಂಗೆಯ ದನದ ಜಾತ್ರೆಗೆ ಅಪ್ಪ ನನ್ನನ್ನು ಕರಕೊಂಡು ಹೋಗ್ತಿದ್ದರು. ವ್ಯಾಪಾರ ನಡೀತಿದ್ದದ್ದು ಟವೆಲ್ಲಿನ ಅಡಿ, ಬೆರಳು ಹಿಡಿದು. ಎತ್ತಿನ ಹಲ್ಲು ನೋಡೋರು, ಸುಳಿ ನೋಡೋರು, ನಡೆಸಿ ನೋಡೋರು. ಆದರೆ "ಇದನ್ನು ನೀನು ಎಷ್ಟಕ್ಕೆ ತಂದಿದ್ದೆ, ಚೀಟಿ ತೋರಿಸು, ಅದರ ಮೇಲೆ ಮೂವತ್ತು ಪರ್ಸೆಂಟ್ ಕೊಡ್ತೀನಿ" ಅಂತ ಯಾರೂ ಕೇಳ್ತಿರಲಿಲ್ಲ. ಕೇಳಿದ್ದರೆ ಜಾತ್ರೆಯಲ್ಲಿ ನಗೆಪಾಟಲಾಗ್ತಿದ್ದರು. ಟವೆಲ್ಲಿನ ಅಡಿ ಇಬ್ಬರ ಕೈಯೂ ಇರ್ತಿತ್ತು. ನಮ್ಮ ಎಚ್‌ಆರ್ ರೌಂಡಿನಲ್ಲಿ ಟವೆಲ್ ಇರೋದು ಕಂಪನಿಗೆ ಮಾತ್ರ. ಕ್ಯಾಂಡಿಡೇಟ್ ಮೂರು ತಿಂಗಳ ಪೇಸ್ಲಿಪ್ ಬಿಚ್ಚಿಡಬೇಕು, ಕೆಲವು ಕಡೆ ಬ್ಯಾಂಕ್ ಸ್ಟೇಟ್‌ಮೆಂಟೂ ಕೊಡಬೇಕು. ಆ ಹುದ್ದೆಗೆ ಎಷ್ಟು ಇಟ್ಟಿದ್ದೀರಿ ಅಂತ ಅವನು ಕೇಳಿದರೆ "ಕಾನ್ಫಿಡೆನ್ಷಿಯಲ್".

ಇದರಿಂದ ಆಗೋದೇನು? ಮೊದಲ ಕೆಲಸದಲ್ಲಿ ಕಡಿಮೆ ಸಂಬಳಕ್ಕೆ ಸಿಕ್ಕಿಬಿದ್ದವನು ಕೊನೇತನಕ ಕಡಿಮೆಯಲ್ಲೇ ಉಳೀತಾನೆ. ಹೆರಿಗೆಗೆ ಅಂತ ಕೆಲಸ ಬಿಟ್ಟು ವಾಪಸ್ ಬಂದವಳು ಬಿಟ್ಟ ಜಾಗದ ಸಂಬಳದಿಂದಲೇ ಶುರುಮಾಡಬೇಕು. ಕ್ಯಾಲಿಫೋರ್ನಿಯಾದಲ್ಲಿ 2018ರ ಜನವರಿಯಿಂದ, ಮ್ಯಾಸಚೂಸೆಟ್ಸಿನಲ್ಲಿ ಅದೇ ವರ್ಷದ ಜುಲೈಯಿಂದ, ಹಳೇ ಸಂಬಳ ಕೇಳಬಾರದು ಅಂತ ಕಾನೂನು ಜಾರಿಗೆ ಬಂತು. ಅಲ್ಲಿನ ಕಂಪನಿಗಳ ಬೆಂಗಳೂರು ಆಫೀಸುಗಳು ಇಲ್ಲಿ ಆರಾಮಾಗಿ ಕೇಳಬಹುದು. ಅಲ್ಲಿ ಮಾನ ಇರೋ ಮನುಷ್ಯ ಇಲ್ಲಿಗೆ ಬರುವಷ್ಟರಲ್ಲಿ ರಿಸೋರ್ಸ್ ಆಗಿಬಿಡ್ತಾನೆ.

ಇದನ್ನೆಲ್ಲ ಆಫೀಸಿನಲ್ಲಿ ಹೇಳಿದಾಗ ಬರೋ ಉತ್ತರಗಳು ನನಗೆ ಬಾಯಿಪಾಠ ಆಗಿವೆ.

"ಸಾವಿರಾರು ಅರ್ಜಿ ಬರುತ್ತೆ, ಎಲ್ಲರಿಗೂ ಉತ್ತರ ಕೊಡೋಕೆ ಆಗುತ್ತಾ?" ಆಗುತ್ತೆ ಕಣ್ರೀ. ನಾವು ಸಾಫ್ಟ್‌ವೇರ್ ಕಂಪನಿ. ಹಬ್ಬಕ್ಕೆ ಲಕ್ಷಾಂತರ ಗ್ರಾಹಕರಿಗೆ ಅವರವರ ಹೆಸರು ಹಾಕಿ ಆಫರ್ ಮೇಲ್ ಕಳಿಸ್ತೀವಿ. ಒಂದು ಸಾಲು "ಈ ಸಲ ಆಗಲಿಲ್ಲ" ಕಳಿಸೋಕೆ ನಮಗೆ ಬರಲ್ಲವಾ? ಅರ್ಜಿ ಹಾಕಿದವರ ಮಾತು ಬಿಡಿ, ಎದುರಿಗೆ ಬಂದು ಕೂತು ಹೋದವರು ಒಂದು ಹುದ್ದೆಗೆ ಹತ್ತು ಜನ. ಹತ್ತು ಮೇಲ್.

"ಕಾರಣ ಹೇಳಿದರೆ ಲೀಗಲ್ ತೊಂದರೆ." ಕಾರಣ ಅಷ್ಟು ಹೇಳಬಾರದಂಥದ್ದಾಗಿದ್ದರೆ ತೊಂದರೆ ಇರೋದು ಹೇಳೋದರಲ್ಲಿ ಅಲ್ಲ. "ಡೇಟಾಬೇಸ್ ಭಾಗ ಇನ್ನಷ್ಟು ಗಟ್ಟಿ ಮಾಡ್ಕೊಳ್ಳಿ" ಅಂತ ಬರೆದವರನ್ನು ಯಾರೂ ಕೋರ್ಟಿಗೆ ಎಳೆಯಲ್ಲ.

"ಕ್ಯಾಂಡಿಡೇಟುಗಳೇನು ಸಾಚಾನಾ? ಆಫರ್ ಒಪ್ಪಿಕೊಂಡು ಜಾಯಿನಿಂಗ್ ದಿನ ಫೋನ್ ಸ್ವಿಚ್ ಆಫ್ ಮಾಡ್ತಾರೆ. ಬೇರೆಯವರನ್ನು ಕೂರಿಸಿ ವಿಡಿಯೋ ಇಂಟರ್‌ವ್ಯೂ ಕೊಡಿಸ್ತಾರೆ. ಸುಳ್ಳು ಎಕ್ಸ್‌ಪೀರಿಯೆನ್ಸ್ ಹಾಕ್ತಾರೆ." ಇದು ನಿಜ, ನನಗೇ ಮೂರೂ ಆಗಿದೆ. ಮೋಸ ಮಾಡಿದವರನ್ನು ಹಿಡೀರಿ, ಬೇಡ ಅಂದವರಾರು? ಆದರೆ ಆಫರ್ ಹಿಡಿದು ಹರಾಜು ಕೂಗುವ ಬುದ್ಧಿ ಎಲ್ಲಿಂದ ಬಂತು ಅಂತಲೂ ನೋಡಬೇಕಲ್ಲ. ನಮ್ಮ ಕಂಪನಿ ಬಿಡಬೇಕಾದರೆ 90 ದಿನದ ನೋಟಿಸ್ ಕೊಡಬೇಕು. ನಮ್ಮ ಕಂಪನಿ ಸೇರಬೇಕಾದರೆ "ಇಮೀಡಿಯೆಟ್ ಜಾಯಿನರ್ಸ್ ಓನ್ಲಿ". ಎಲ್ಲ ಕಂಪನಿಗಳೂ ಹೀಗೇ ಮಾಡಿದರೆ ಆ ತಕ್ಷಣ ಸೇರೋ ಮನುಷ್ಯ ಯಾವ ಮರದಿಂದ ಉದುರಬೇಕು? ಕೈಲಿ ಕೆಲಸ ಇಲ್ಲದೆ ರಾಜೀನಾಮೆ ಕೊಟ್ಟು, 90 ದಿನ ಜೀವ ಕೈಲಿ ಹಿಡಿದುಕೊಂಡು ಹುಡುಕುವವನು ಕೈಗೆ ಬಂದದ್ದನ್ನೆಲ್ಲ ಹಿಡಿದಿಟ್ಟುಕೊಳ್ತಾನೆ. ಜಾತ್ರೆ ಕಟ್ಟಿದವರು ನಾವು, ದಲ್ಲಾಳಿಗಳು ಸೇರಿಕೊಂಡರು ಅಂತ ಗೊಣಗುವವರೂ ನಾವೇ.

ಸರಿ, ಏನು ಮಾಡಬೇಕು? ಪಾಲಿಸಿ ಬದಲಾಗಲಿ ಅಂತ ಕಾಯೋದು ಬೇಡ. ಇದನ್ನು ಓದ್ತಿರೋ ನೀವು ಮೂವತ್ತರ ಆಸುಪಾಸಿನವರಾಗಿದ್ದರೆ, ಮೇಜಿನ ಆಚೆ ಕಡೆ ಕೂತಿರೋರೂ ನೀವೇ. ನಿಮ್ಮ ಕೈಲಿರೋದು ಇಷ್ಟು. ಹೇಳಿದ ಟೈಮಿಗೆ ಹೋಗಿ. ತಡ ಆದರೆ ಹೊರಗೆ ಬಂದು ಹೇಳಿ, ನೀರು ಕೊಡಿಸಿ. ಎಷ್ಟು ರೌಂಡು, ಪ್ರತಿಯೊಂದರಲ್ಲೂ ಏನು ಕೇಳ್ತೀರಿ ಅಂತ ಮೊದಲೇ ತಿಳಿಸಿ. ಪ್ರಶ್ನೆ ಹೇಳಬೇಕಿಲ್ಲ, ವಿಷಯ ಹೇಳಿದರೆ ಸಾಕು. ದಿನಾ ನೀವು ಮಾಡುವ ಕೆಲಸದ ಒಂದು ತುಂಡು ಕೊಟ್ಟು, ಜೊತೆಗೆ ಕೂತು ಮಾಡಿಸಿ. ಮನೆಗೆ ಕೆಲಸ ಕೊಡಲೇಬೇಕು ಅಂದರೆ ದುಡ್ಡು ಕೊಡಿಸಿ. ಎಲ್ಲರಿಗೂ ಅವೇ ಪ್ರಶ್ನೆ ಕೇಳಿ, ಇನ್ನೊಬ್ಬ ಇಂಟರ್‌ವ್ಯೂವರ್ ಜೊತೆ ಮಾತಾಡೋದಕ್ಕಿಂತ ಮೊದಲೇ ಅಂಕ ಬರೆದಿಡಿ. ರಾತ್ರಿ ಬಸ್ಸಿಗೆ ಬರುವವರಿಗೆ ಮೊದಲ ರೌಂಡನ್ನು ವಿಡಿಯೋದಲ್ಲಿ ಮುಗಿಸಿ. ಹಳೇ ಸಂಬಳದ ಕಾಲಮ್ಮು ನಿಮ್ಮ ಮುಂದೆ ಬಂದರೆ, ಇದು ಯಾಕೆ ಬೇಕು ಅಂತ ಒಂದು ಸಲವಾದರೂ ಕೇಳಿ. ಕೊನೆಗೆ, ಆಗಲ್ಲ ಅಂದರೆ ಆಗಲ್ಲ ಅಂತ ಹೇಳಿ. ಒಂದು ವಾರದೊಳಗೆ.

ಗಂಗಾವತಿಯ ಹುಡುಗ ಎರಡು ವಾರ ಬಿಟ್ಟು ಲಿಂಕ್ಡ್‌ಇನ್ನಿನಲ್ಲಿ "ಸರ್, ಎನಿ ಅಪ್‌ಡೇಟ್?" ಅಂತ ಕೇಳಿದ್ದ. ಓದಿ ಸುಮ್ಮನಿದ್ದೆ. ಐದನೇ ವಾರ, ಪ್ರೋಸೆಸ್ ಏನಾದರೂ ಆಗಲಿ ಅಂತ ಬರೆದೆ: ಈ ಸಲ ಆಗಲಿಲ್ಲ, ಲಾಜಿಕ್ ಚೆನ್ನಾಗಿದೆ, ಎಸ್‌ಕ್ಯೂಎಲ್ ಇನ್ನಷ್ಟು ಅಭ್ಯಾಸ ಮಾಡಿ, ಅವತ್ತು ಕಾಯಿಸಿದ್ದಕ್ಕೆ ಕ್ಷಮಿಸಿ. ಹತ್ತು ನಿಮಿಷದಲ್ಲಿ ಉತ್ತರ ಬಂತು. "ಥ್ಯಾಂಕ್ಸ್ ಸರ್. 11 ಕಡೆ ಹೋಗಿದ್ದೆ. ಇಲ್ಲ ಅಂತ ಹೇಳಿದ್ದು ನೀವೊಬ್ಬರೇ."

ಇದನ್ನು ಹೊಗಳಿಕೆ ಅಂತ ಇಟ್ಟುಕೊಳ್ಳೋಕೆ ನನಗೆ ಮುಖ ಇಲ್ಲ. ಐದು ವಾರ ದಿನಾ ಅವನ ಮನೆಯಲ್ಲಿ ಕೇಳಿರ್ತಾರೆ, ದಿನಾ ಅವನು "ಇನ್ನೂ ಗೊತ್ತಿಲ್ಲ" ಅಂದಿರ್ತಾನೆ. ನನಗೆ ಮಾತ್ರ ಮೊದಲ ದಿನ ಸಂಜೆಯೇ ಗೊತ್ತಿತ್ತು.

ಸೋಮವಾರ ಆಫೀಸಿಗೆ ಹೋದಾಗ ನಿಮ್ಮ ಪೋರ್ಟಲ್ ತೆರೆದು, ನೀವು ಇಂಟರ್‌ವ್ಯೂ ಮಾಡಿದವರಲ್ಲಿ ಎಷ್ಟು ಜನ ಇನ್ನೂ "ಇನ್ ಪ್ರೋಸೆಸ್" ಅಂತ ಇದ್ದಾರೆ ನೋಡಿ. ನನ್ನ ಲೆಕ್ಕದಲ್ಲಿ 14 ಜನ ಇದ್ದರು. ಕಾಗದ ಬರೆಯೋಕೆ ಒಂದು ಮಧ್ಯಾಹ್ನ ಸಾಕಾಯ್ತು.